ಗುಂಯ್, ಚಿಟ್, ಧಡ್: ಕಂಪ್ಯೂಟರ್‌ನಿಂದ ಸಂಗೀತ ಕೇಳುವವರಿಗೆ ದೋಷ ನಿವಾರಣೆ ಕೈಪಿಡಿ

ಕಂಪ್ಯೂಟರ್‌ಗೆ ಅಂಕಿಗಳನ್ನು ಸದ್ದಾಗಿಸುವ ಒಂದು ಡ್ಯಾಕ್, ಒಂದು ಆಂಪ್ಲಿಫೈಯರ್, ಜೋಡಿ ಸ್ಪೀಕರ್ ಸೇರಿಸಿ ಕಛೇರಿ ಕೇಳಲು ಕೂತರೆ ಮೊದಲ ವಾರ ತಂಬೂರಿಗಿಂತ ಬೇರೆ ಸದ್ದುಗಳೇ ಹೆಚ್ಚು ಕೇಳಿಸುತ್ತವೆ. ಆಗ ಕೈ ತಾನಾಗಿ ಹೊಸ ಪೆಟ್ಟಿಗೆಯ ಬೆಲೆ ಹುಡುಕಲು ಹೋಗುತ್ತದೆ. ಸ್ನೇಹಿತರ ಮನೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ನನ್ನ ಮನೆಯಲ್ಲೇ, ನಾನು ಕಂಡುಕೊಂಡದ್ದು ಇಷ್ಟು: ದುಬಾರಿ ಪೆಟ್ಟಿಗೆಯೇ ಕೆಟ್ಟಿರುವುದು ಅಪರೂಪ. ಕೇಬಲ್, ಸೆಟ್ಟಿಂಗ್, ಗೋಡೆಯ ಸಾಕೆಟ್, ಕೋಣೆ, ತಪ್ಪು ಬಹುಪಾಲು ಈ ನಾಲ್ಕರಲ್ಲೇ ಎಲ್ಲೋ ಕೂತಿರುತ್ತದೆ.

ಸದ್ದು ಸಾಗುವ ದಾರಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೈಲ್, ಪ್ಲೇಯರ್, ವಿಂಡೋಸ್ ಅಥವಾ ಮ್ಯಾಕ್‌ನ ಸೌಂಡ್ ಸೆಟ್ಟಿಂಗ್, ಯುಎಸ್‌ಬಿ ಕೇಬಲ್, ಡ್ಯಾಕ್, ಕೆಂಪು ಬಿಳಿ ಆರ್‌ಸಿಎ ಕೇಬಲ್, ಆಂಪ್ಲಿಫೈಯರ್, ಸ್ಪೀಕರ್ ತಂತಿ, ಸ್ಪೀಕರ್, ಕೊನೆಗೆ ಕೋಣೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಸದ್ದು ನಿಲ್ಲಬಹುದು, ಆದರೆ ಯಾವುದರಿಂದ ನಿಂತಿತು ಎಂದು ಗೊತ್ತಾಗದೆ ಅದು ಮುಂದಿನ ತಿಂಗಳು ವಾಪಸ್ ಬರುತ್ತದೆ. ಪರೀಕ್ಷೆಗೆ ನಿಮಗೆ ಬಾಯಿಪಾಠವಾಗಿರುವ ಒಂದೇ ಹಾಡು ಇಟ್ಟುಕೊಳ್ಳಿ. ಅಂಗಡಿಯವರು ಹಾಕಿ ತೋರಿಸುವ ಡೆಮೊ ಟ್ರ್ಯಾಕ್ ಎಂಥ ಸ್ಪೀಕರ್‌ನಲ್ಲೂ ಚೆನ್ನಾಗಿಯೇ ಕೇಳುತ್ತದೆ.

ಮುಟ್ಟುವ ಮೊದಲು

ಸ್ಪೀಕರ್ ತಂತಿ ಬಿಚ್ಚುವಾಗ, ಸೇರಿಸುವಾಗ ಆಂಪ್ ಆಫ್ ಆಗಿರಬೇಕು, ಪ್ಲಗ್ ಕೂಡ ಕಿತ್ತಿರಬೇಕು. ಕೆಂಪು ಟರ್ಮಿನಲ್‌ನಿಂದ ಹೊರಗೆ ಚಾಚಿದ ಒಂದೇ ಒಂದು ಎಳೆ ಕಪ್ಪಿಗೆ ತಾಗಿದರೂ ಆಂಪ್‌ನ ಔಟ್‌ಪುಟ್ ಭಾಗ ಸುಟ್ಟುಹೋಗಬಹುದು. ಆಂಪ್ ಮುಚ್ಚಳ ತೆಗೆಯುವ ಕೆಲಸ ಈ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿರುತ್ತವೆ. ವಾಲ್ವ್ ಆಂಪ್‌ನಲ್ಲಿ ಅದು ನೂರಾರು ವೋಲ್ಟ್, ಪ್ರಾಣಕ್ಕೇ ಅಪಾಯ. ಸುಟ್ಟ ವಾಸನೆ, ಹೊಗೆ, ಮುಟ್ಟಲಾಗದಷ್ಟು ಬಿಸಿ, ಆನ್ ಮಾಡಿದೊಡನೆ ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಅಲ್ಲಿಗೆ ನಿಲ್ಲಿಸಿ.

ಆನ್ ಮಾಡುವಾಗ ಕಂಪ್ಯೂಟರ್, ಡ್ಯಾಕ್ ಮೊದಲು, ಆಂಪ್ ಕೊನೆಗೆ. ಆಫ್ ಮಾಡುವಾಗ ಆಂಪ್ ಮೊದಲು. ಸ್ಪೀಕರ್‌ನಿಂದ ದಿನಾ ಬರುವ ‘ಧಡ್’ ಎಂಬ ಪೆಟ್ಟು ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ನಿಲ್ಲುತ್ತದೆ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಶುರುವಾದರೆ ಸ್ವಿಚ್ ಆರಿಸಿದ್ದು ಸಾಲದು. ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಿ. ಆದರೆ ಇದು ಮಿಂಚು ಇನ್ನೂ ದೂರ ಇರುವಾಗ ಮಾಡುವ ಕೆಲಸ. ತಲೆಯ ಮೇಲೇ ಸಿಡಿಯುತ್ತಿದ್ದರೆ ತಂತಿಗಳ ಹತ್ತಿರ ಹೋಗಬೇಡಿ.

ಸದ್ದೇ ಇಲ್ಲ

ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಸಾಧನ ಯಾವುದು ಎಂದು ಮೊದಲು ನೋಡಿ. ಒಂದು ಅಪ್‌ಡೇಟ್ ಆದ ಮೇಲೆ, ಅಥವಾ ಎಚ್‌ಡಿಎಂಐ ಮಾನಿಟರ್ ಸೇರಿಸಿದ ಮೇಲೆ, ಸದ್ದು ತಾನಾಗಿಯೇ ಆ ಮಾನಿಟರ್ ಕಡೆ ಹೊರಟುಹೋಗಿರುತ್ತದೆ. ಆಮೇಲೆ ಡ್ಯಾಕ್‌ನ ಇನ್‌ಪುಟ್ ಆಯ್ಕೆ ಯುಎಸ್‌ಬಿಗೆ ಇದೆಯೋ ಬೆಳಕಿನ ಕೇಬಲ್ ಸೇರುವ ಆಪ್ಟಿಕಲ್‌ಗೆ ಇದೆಯೋ, ಆಂಪ್‌ನ ಇನ್‌ಪುಟ್ ಗುಂಡಿ ಎಲ್ಲಿದೆ, ನೋಡಿ. ಇಷ್ಟಕ್ಕೆ ಖರ್ಚಿಲ್ಲ, ಎರಡು ನಿಮಿಷ ಸಾಕು.

ಡ್ಯಾಕ್‌ನ ದೀಪ ಉರಿಯುತ್ತಿದೆ, ಕಂಪ್ಯೂಟರ್‌ನ ಪಟ್ಟಿಯಲ್ಲಿ ಮಾತ್ರ ಅದರ ಹೆಸರೇ ಇಲ್ಲ ಎಂದಾದರೆ ಕೇಬಲ್ ಮೇಲೆ ಅನುಮಾನಪಡಿ. ಅಗ್ಗದ ಮೊಬೈಲ್ ಕೇಬಲ್‌ಗಳಲ್ಲಿ ಕೆಲವು ಚಾರ್ಜಿಂಗ್‌ಗೆ ಮಾತ್ರ. ಒಳಗೆ ಕರೆಂಟಿನ ಎರಡು ತಂತಿ ಇರುತ್ತವೆ, ಮಾಹಿತಿ ಸಾಗಿಸುವ ಎರಡು ಇರುವುದೇ ಇಲ್ಲ. ಹಳೆಯ ಕಂಪ್ಯೂಟರ್ ಆದರೆ ಇನ್ನೊಂದು ಕಾರಣವಿದೆ. ಯುಎಸ್‌ಬಿ ಆಡಿಯೊ ಕ್ಲಾಸ್ 2 ಎಂಬ ಮಾನದಂಡದ ಸಾಧನಗಳಿಗೆ ವಿಂಡೋಸ್ ತನ್ನದೇ ಡ್ರೈವರ್, ಎಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಕೊಡಲು ಶುರುಮಾಡಿದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯಿಂದ. ಅದಕ್ಕೂ ಹಿಂದಿನದಾದರೆ ತಯಾರಕರ ಡ್ರೈವರ್ ಹಾಕಲೇಬೇಕು.

ಪ್ಲೇಯರ್‌ನಲ್ಲಿ ಹಾಡು ಬರುತ್ತದೆ, ಬ್ರೌಸರ್‌ನಲ್ಲಿ ಬರುವುದಿಲ್ಲ ಎಂದರೆ ಅದು ದೋಷವೇ ಅಲ್ಲ. ಪ್ಲೇಯರ್ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಡ್ಯಾಕ್ ಅನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿದೆ. ಹಾಡು ನಿಲ್ಲಿಸಿ, ಪ್ಲೇಯರ್ ಮುಚ್ಚಿ, ಬ್ರೌಸರ್ ಮತ್ತೆ ತೆರೆಯಿರಿ.

ಒಂದೇ ಕಡೆ ಕೇಳುತ್ತದೆ

ಆಂಪ್ ಆಫ್ ಮಾಡಿ, ಡ್ಯಾಕ್ ಹಿಂದೆ ಕೆಂಪು ಬಿಳಿ ಪಿನ್‌ಗಳನ್ನು ಅದಲುಬದಲು ಮಾಡಿ. ಸತ್ತ ಕಡೆ ಎಡದಿಂದ ಬಲಕ್ಕೆ ದಾಟಿದರೆ ತಪ್ಪು ಡ್ಯಾಕ್‌ನಲ್ಲಿ ಅಥವಾ ಅದಕ್ಕಿಂತ ಹಿಂದೆ, ಎಂದರೆ ಕಂಪ್ಯೂಟರ್‌ನ ಬ್ಯಾಲೆನ್ಸ್ ಸೆಟ್ಟಿಂಗ್‌ನಲ್ಲಿ. ದಾಟದಿದ್ದರೆ ತಪ್ಪು ಕೇಬಲ್‌ನಲ್ಲಿ ಅಥವಾ ಅದರ ಮುಂದೆ. ಇದೇ ಅದಲುಬದಲನ್ನು ಆಂಪ್ ತುದಿಯಲ್ಲಿ, ಆಮೇಲೆ ಸ್ಪೀಕರ್ ತಂತಿಯಲ್ಲಿ ಮಾಡುತ್ತ ಹೋದರೆ ಹತ್ತು ನಿಮಿಷದಲ್ಲಿ ಅಪರಾಧಿ ಸಿಗುತ್ತಾನೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಹುಪಾಲು ಇದು ಪಿನ್‌ಗೆ ಹಿಡಿದ ಕಿಲುಬು. ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು ಮತ್ತೆ ಸೇರಿಸಿ.

ಎರಡೂ ಸ್ಪೀಕರ್ ಹಾಡುತ್ತಿವೆ, ಆದರೆ ಎಲ್ಲವೂ ನಟ್ಟನಡುವಿನಿಂದಲೇ ಬರುತ್ತಿದೆ ಎಂದು ಒಬ್ಬರು ನನ್ನನ್ನು ಕರೆಸಿದ್ದರು. ಹಾಕಿದ್ದು ಮಲ್ಲಿಕಾರ್ಜುನ ಮನ್ಸೂರರ ಹಳೆಯ 78 ಆರ್‌ಪಿಎಂ ತಟ್ಟೆಯಿಂದ ಇಳಿಸಿದ ಹಾಡು. ಆ ತಟ್ಟೆಗಳು ಮೋನೊ, ಎಡಕ್ಕೂ ಬಲಕ್ಕೂ ಒಂದೇ ಸದ್ದು. ಅದು ಹಾಗೆಯೇ ಕೇಳಬೇಕು. ಹೊಸ ರೆಕಾರ್ಡಿಂಗ್ ಕೂಡ ಹಾಗೇ ಕೇಳಿದರೆ ವಿಂಡೋಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಮೋನೊ ಆಡಿಯೊ’ ಆನ್ ಆಗಿದೆಯೇ ನೋಡಿ.

ಗುಂಯ್

ಇದು ಎಲ್ಲಕ್ಕಿಂತ ದೊಡ್ಡ ಕಾಟ. ಇದರ ಮೇಲೆ ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಇನ್ನೊಂದು ಜೋಡಿ ಸ್ಪೀಕರ್ ಬರುತ್ತಿತ್ತು.

ಗುಂಯ್‌ನಲ್ಲೂ ಬಗೆಗಳಿವೆ. ನಮ್ಮ ಕರೆಂಟ್ 50 ಹರ್ಟ್ಸ್. ‘ಊಂ’ ಎಂದು ಆಳದಲ್ಲಿ ಮೆತ್ತಗೆ ಕೇಳುವುದು ಸಾಮಾನ್ಯವಾಗಿ ಆ 50. ಕೇಬಲ್ ಯಾವುದೋ ಟ್ರಾನ್ಸ್‌ಫಾರ್ಮರ್ ಪಕ್ಕ ಹಾದಿದ್ದರೆ ಅಥವಾ ಅರ್ಥ್ ತಂತಿಗಳು ಸೇರಿ ಒಂದು ಸುತ್ತು ಕಟ್ಟಿಕೊಂಡಿದ್ದರೆ ಬರುತ್ತದೆ. ಸ್ವಲ್ಪ ಮೇಲಿನ, ಅಂಚಿರುವ ‘ಗೊಂಯ್’ ಎಂಬುದು 100 ಹರ್ಟ್ಸ್. ಆಂಪ್‌ನ ಒಳಗೆ ಕರೆಂಟನ್ನು ಸೋಸುವ ಕೆಪಾಸಿಟರ್ ಹಳೆಯದಾದಾಗ ಬರುವುದು ಇದು. ಸಂಗೀತ ಗೊತ್ತಿದ್ದವರಿಗೆ ಒಂದು ಸುಲಭ ಗುರುತು: ಹಾರ್ಮೋನಿಯಂನ ಬಿಳಿ ಐದರ ಕೆಳಸ್ಥಾಯಿಯ ಷಡ್ಜ 98 ಹರ್ಟ್ಸ್, 100ಕ್ಕೆ ಪಕ್ಕದಲ್ಲೇ. ಬಿಳಿ ಐದಕ್ಕೆ ಹಾಡುವವರ ರೆಕಾರ್ಡಿಂಗ್‌ನಲ್ಲಿ ಈ ಗುಂಯ್ ಶ್ರುತಿಯ ಜೊತೆ ಕಲೆತು ಮರೆಯಾಗಿಬಿಡುತ್ತದೆ. ಬೇರೆ ಶ್ರುತಿಯ ಹಾಡು ಹಾಕಿದಾಗ ಹಲ್ಲು ಕಿರಿಯುತ್ತದೆ. ‘ಕೆಲವು ಹಾಡಿನಲ್ಲಿ ಮಾತ್ರ ಗುಂಯ್’ ಎನ್ನುವವರು ಇದನ್ನು ನೋಡಿಕೊಳ್ಳಿ.

ಮೊದಲ ಪರೀಕ್ಷೆ ಕಿವಿಯದು. ಸದ್ದು ಸ್ಪೀಕರ್‌ನಿಂದ ಬರುತ್ತಿದೆಯೋ ಆಂಪ್ ಪೆಟ್ಟಿಗೆಯಿಂದಲೋ? ಪೆಟ್ಟಿಗೆಯೇ ಗುಂಯ್‌ಗುಡುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರ್ ಅದುರುವ ಸದ್ದು, ಸಂಗೀತದ ದಾರಿಗೆ ಸಂಬಂಧವಿಲ್ಲ. ಕರೆಂಟ್ ಹೋಗಿ ಇನ್‌ವರ್ಟರ್ ಮೇಲೆ ಓಡುವಾಗ ಮಾತ್ರ ಹಾಗಾದರೆ ನಿಮ್ಮದು ಸ್ಕ್ವೇರ್ ವೇವ್ ಇನ್‌ವರ್ಟರ್. ಆ ಹೊತ್ತಿನಲ್ಲಿ ಆಂಪ್ ಆರಿಸಿ, ಹೆಡ್‌ಫೋನ್‌ನಲ್ಲಿ ಕೇಳಿ. ಸೈನ್ ವೇವ್ ಇನ್‌ವರ್ಟರ್ ಹಾಕಿಸಿದರೆ ಈ ಸದ್ದು ಇರುವುದಿಲ್ಲ.

ಸ್ಪೀಕರ್‌ನಿಂದಲೇ ಬರುತ್ತಿದ್ದರೆ ವಾಲ್ಯೂಮ್ ತಿರುಗಿಸಿ ನೋಡಿ. ವಾಲ್ಯೂಮ್ ಜೊತೆ ಏರಿ ಇಳಿದರೆ ತಪ್ಪು ವಾಲ್ಯೂಮ್ ಗುಂಡಿಗಿಂತ ಹಿಂದೆ ಇದೆ. ಏನು ಮಾಡಿದರೂ ಒಂದೇ ಸಮ ಇದ್ದರೆ ಆಂಪ್‌ನ ಒಳಗೆ. ಎರಡನೆಯದು ರಿಪೇರಿಯವರ ಕೆಲಸ. ಅದಕ್ಕೆ ಮುಂಚೆ ಆಂಪ್ ಆರಿಸಿ, ಆರ್‌ಸಿಎ ಕೇಬಲ್ ಪೂರ್ತಿ ಕಿತ್ತು, ಮತ್ತೆ ಆನ್ ಮಾಡಿ ಖಚಿತಮಾಡಿಕೊಳ್ಳಿ. ಕಿತ್ತ ಮೇಲೂ ಗುಂಯ್ ಇದ್ದರೆ ಆಂಪ್‌ನದೇ. ನಿಂತರೆ ಆಂಪ್ ನಿರಪರಾಧಿ.

ಮುಂದಿನದು ಲ್ಯಾಪ್‌ಟಾಪ್ ಇದ್ದವರಿಗೆ ಬಿಟ್ಟಿ ಪರೀಕ್ಷೆ: ಅಡಾಪ್ಟರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಗುಂಯ್ ತಟ್ಟನೆ ನಿಂತರೆ ಅದು ಅರ್ಥ್ ಸುತ್ತು, ಎಂದರೆ ಗ್ರೌಂಡ್ ಲೂಪ್. ಕಂಪ್ಯೂಟರ್ ಒಂದು ಸಾಕೆಟ್‌ನಿಂದ, ಆಂಪ್ ಇನ್ನೊಂದು ಗೋಡೆಯ ಸಾಕೆಟ್‌ನಿಂದ ಅರ್ಥ್ ಪಡೆಯುತ್ತಿವೆ. ಇವೆರಡರ ನಡುವೆ ಇರುವ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಕರೆಂಟ್ ನಿಮ್ಮ ಆರ್‌ಸಿಎ ಕೇಬಲ್‌ನ ಹೊರಕವಚದಲ್ಲಿ ಹರಿದು ಹಾಡಿನ ಜೊತೆ ಸೇರುತ್ತದೆ. ಪರಿಹಾರ ಹಲವು ಸಲ ಒಂದು ಒಳ್ಳೆಯ ಸ್ಪೈಕ್ ಬಸ್ಟರ್: ಕಂಪ್ಯೂಟರ್, ಡ್ಯಾಕ್, ಆಂಪ್ ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ಓಡಿಸಿ. 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ಸುಮಾರು 1,380 ವ್ಯಾಟ್ ತಾಳುತ್ತದೆ. ಮನೆಯ ಸಂಗೀತದ ಸಾಮಾನಿಗೆ ಧಾರಾಳ. ಅದೇ ಬೋರ್ಡಿಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸಬೇಡಿ, ಅಷ್ಟೇ.

ಟಿವಿಗೂ ಎಚ್‌ಡಿಎಂಐ ಎಳೆದಿದ್ದರೆ ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ದಪ್ಪ ಕೇಬಲ್ ಬಿಚ್ಚಿ ನೋಡಿ. ಆ ಕೇಬಲ್ ಬೀದಿಯಿಂದಲೇ ತನ್ನ ಅರ್ಥ್ ತರುತ್ತದೆ. ಬಿಚ್ಚಿದೊಡನೆ ಮೌನವಾದರೆ ಡ್ಯಾಕ್ ಬದಲಿಸುವ ಯೋಚನೆ ಬಿಡಿ.

ಇಷ್ಟಕ್ಕೂ ನಿಲ್ಲದಿದ್ದರೆ ಕಂಪ್ಯೂಟರ್ ಮತ್ತು ಡ್ಯಾಕ್ ನಡುವಿನ ವಿದ್ಯುತ್ ಸಂಪರ್ಕವನ್ನೇ ಕಡಿಯಬೇಕು. ಎರಡರಲ್ಲೂ ಆಪ್ಟಿಕಲ್ ಇದ್ದರೆ ಅದೇ ಒಳ್ಳೆಯದು, ಬೆಳಕಿನಲ್ಲಿ ಅರ್ಥ್ ಹರಿಯುವುದಿಲ್ಲ. ಇಲ್ಲದಿದ್ದರೆ ಯುಎಸ್‌ಬಿ ಐಸೊಲೇಟರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಂಥ ಕಡೆ ಕೊಳ್ಳುವಾಗ ವೇಗ ಕೇಳಿ ತೆಗೆದುಕೊಳ್ಳಿ. ಅಗ್ಗದವು 12 ಎಂಬಿಪಿಎಸ್‌ಗೆ ನಿಲ್ಲುತ್ತವೆ. ಹೈಸ್ಪೀಡ್ ಬೇಡುವ ಡ್ಯಾಕ್ ಅದರಲ್ಲಿ ಒಂದೋ ಕಾಣಿಸುವುದಿಲ್ಲ, ಇಲ್ಲವೇ ಅದರ ಸ್ಯಾಂಪಲ್ ದರ (ಸೆಕೆಂಡಿಗೆ ಬರುವ ಸದ್ದಿನ ಅಂಕಿಗಳ ಎಣಿಕೆ) 96 ಕಿಲೊಹರ್ಟ್ಸ್ ದಾಟುವುದಿಲ್ಲ. ಆರ್‌ಸಿಎಗೆ ಸಿಕ್ಕಿಸುವ ಗ್ರೌಂಡ್ ಲೂಪ್ ಐಸೊಲೇಟರ್ ಗುಂಯ್ ನಿಲ್ಲಿಸುತ್ತದೆ, ಆದರೆ ಅದರೊಳಗಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ಅಗ್ಗದ್ದಾದರೆ ಮೃದಂಗದ ಎಡಗಡೆಯ ಆಳವನ್ನೂ ನುಂಗುತ್ತದೆ. ನಾನು ಕೊಂಡದ್ದನ್ನು ಒಂದೇ ದಿನಕ್ಕೆ ತೆಗೆದಿಟ್ಟೆ.

ಇಲ್ಲಿ ಒಂದು ಕೆಲಸ ಮಾಡಲೇಬಾರದು. ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಮುರಿದರೆ, ಅಥವಾ ಎರಡು ಪಿನ್ ಅಡಾಪ್ಟರ್ ಸಿಕ್ಕಿಸಿದರೆ ಗುಂಯ್ ನಿಂತೀತು. ಹಾಗೆ ನಿಲ್ಲಿಸಿದ ಪೆಟ್ಟಿಗೆಯಲ್ಲಿ ನಾಳೆ ಒಂದು ತಂತಿ ಸಡಿಲವಾಗಿ ಲೋಹದ ಮೈಗೆ ತಾಗಿದರೆ ವಾಲ್ಯೂಮ್ ಗುಂಡಿ ಮುಟ್ಟಿದವರಿಗೆ 230 ವೋಲ್ಟ್.

ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನುವುದು ಬೇರೆಯದೇ ಸೂಚನೆ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಸಣ್ಣ ಕರೆಂಟ್ ಅರ್ಥ್‌ಗೆ ಹೋಗಬೇಕಿತ್ತು, ದಾರಿ ಇಲ್ಲದೆ ಮೈ ಮೇಲೆ ನಿಂತಿದೆ. ಎರಡು ಪಿನ್ನಿನ ಅಡಾಪ್ಟರ್‌ನಲ್ಲಿ ಇದು ಸಾಮಾನ್ಯ. ಮೂರು ಪಿನ್ನಿನದರಲ್ಲೂ ಆದರೆ ಆ ಸಾಕೆಟ್‌ಗೆ ಅರ್ಥಿಂಗ್ ಇಲ್ಲ ಎಂದೇ ತಿಳಿಯಿರಿ. ಹಳೆಯ ವೈರಿಂಗ್‌ನಲ್ಲಿ ಮೂರನೆಯ ತೂತು ಬರೀ ತೋರಿಕೆಗೆ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಅವರು ಮೀಟರ್ ಹಿಡಿದು ಫೇಸ್‌ಗೂ ಅರ್ಥ್‌ಗೂ ನಡುವೆ 230ರ ಆಸುಪಾಸು, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಕೆಲವೇ ವೋಲ್ಟ್ ಇದೆಯೇ ಎಂದು ನೋಡುತ್ತಾರೆ. ಬಂದವರನ್ನು ಹಾಗೇ ಕಳಿಸಬೇಡಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿ.

ನನ್ನ ಮನೆಯ ಗುಂಯ್ ಇವು ಯಾವುದೂ ಆಗಿರಲಿಲ್ಲ. ಅದು ತೆಳ್ಳಗೆ ‘ಝೂಂ’ ಎನ್ನುತ್ತಿತ್ತು, ಸಂಜೆ ಮಾತ್ರ. ಕೇಬಲ್ ಎರಡು ಸಲ ಬದಲಿಸಿದೆ, ಡ್ಯಾಕ್ ಒಂದು ಸಲ. ಮೂರನೇ ತಿಂಗಳು ನನ್ನ ಹೆಂಡತಿ ಕಾಫಿ ತಂದಿಟ್ಟು, ‘ರೀ, ಫ್ಯಾನ್ ಆರಿಸಿದ್ರೆ ನಿಲ್ಲತ್ತಲ್ಲ, ನೀವು ನೋಡ್ಲೇ ಇಲ್ವಾ?’ ಎಂದಳು. ಫ್ಯಾನಿನ ರೆಗ್ಯುಲೇಟರ್! ನಯವಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಅರ್ಧಕ್ಕೇ ಕತ್ತರಿಸಿ ವೇಗ ಇಳಿಸುತ್ತದೆ. ಕತ್ತರಿಸಿದ ಅಂಚು ಎಲ್ಲ ಕಡೆ ಚಿಮ್ಮುತ್ತದೆ. 1, 2, 3, 4 ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ, ಒಳಗೆ ಕೆಪಾಸಿಟರ್ ಇರುವ ರೆಗ್ಯುಲೇಟರ್ ಹಾಕಿಸಿದೆ. ಕೆಲವು ನೂರು ರೂಪಾಯಿಗೆ ಮುಗಿಯಿತು. ಆದ್ದರಿಂದ ಏನೂ ಕೊಳ್ಳುವ ಮೊದಲು ಮನೆಯ ಫ್ಯಾನ್, ಡಿಮ್ಮರ್ ದೀಪ, ಫ್ರಿಜ್, ನೀರಿನ ಪಂಪ್ ಒಂದೊಂದಾಗಿ ಆರಿಸಿ ಕೇಳಿ. ಫ್ರಿಜ್ ಶುರುವಾಗುವಾಗ ಸ್ಪೀಕರ್‌ನಲ್ಲಿ ಒಂದು ‘ಟಪ್’ ಬಂದರೆ ಚಿಂತೆ ಬೇಡ, ಫ್ರಿಜ್ಜನ್ನೂ ಸಂಗೀತದ ಸಾಮಾನನ್ನೂ ಬೇರೆ ಬೇರೆ ಸಾಕೆಟ್‌ಗೆ ಹಾಕಿ.

ಮೌಸ್ ಜೊತೆ ಕುಣಿಯುವ ಕಿರ್ರ್

ಮೌಸ್ ಅಲುಗಿಸಿದರೆ, ಪುಟ ಜಾರಿಸಿದರೆ ಸ್ಪೀಕರ್‌ನಲ್ಲಿ ಜೀರುಂಡೆ ಹಾಡಿದಂತಾಗುತ್ತದೆ. ಕಂಪ್ಯೂಟರ್‌ನ ಒಳಗಿನ ಗದ್ದಲ ಸದ್ದಿನ ದಾರಿಗೆ ನುಗ್ಗುತ್ತಿದೆ ಎಂದರ್ಥ. ಡೆಸ್ಕ್‌ಟಾಪ್‌ನ ಮುಂದಿನ ಹೆಡ್‌ಫೋನ್ ತೂತು ಬಳಸುತ್ತಿದ್ದರೆ ಹಿಂದಿನದಕ್ಕೆ ಬದಲಿಸಿ. ಯುಎಸ್‌ಬಿ ಡ್ಯಾಕ್ ಇದ್ದರೆ ಮದರ್‌ಬೋರ್ಡ್‌ನ ಹಿಂದಿನ ಬೇರೆ ಪೋರ್ಟ್‌ಗೆ ಹಾಕಿ. ಉಳಿದದ್ದು ಮೇಲಿನ ಗ್ರೌಂಡ್ ಲೂಪ್ ಕಥೆಯೇ.

ಚಿಟ್, ಪಟ್, ತುಂಡು ತುಂಡು ಹಾಡು

ಡಿಸ್ಕ್‌ನಲ್ಲಿರುವ ಫೈಲ್ ಹಾಕಿ ಕೇಳಿ. ಸ್ಟ್ರೀಮಿಂಗ್‌ನಲ್ಲಿ ಮಾತ್ರ ತುಂಡಾದರೆ ಇಂಟರ್‌ನೆಟ್ ಕಡೆ ನೋಡಿ, ಮುಂದೆ ಓದುವುದು ಬೇಡ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನ ಹಾಡು ಶುರುವಿನಲ್ಲಿ ಮಾತ್ರ ತಡೆದರೆ ಡಿಸ್ಕ್ ನಿದ್ದೆಯಿಂದ ಏಳುತ್ತಿದೆ.

ಎಲ್ಲದರಲ್ಲೂ ಚಿಟ್ ಚಿಟ್ ಬಂದರೆ ಕೇಬಲ್‌ನಿಂದ ಶುರುಮಾಡಿ. ಯುಎಸ್‌ಬಿ 2.0 ಕೇಬಲ್‌ಗೆ 5 ಮೀಟರ್ ಮಿತಿ, ಮನೆಗೆ ಒಂದೆರಡು ಮೀಟರ್ ಸಾಕು. ಹಬ್, ಎಕ್ಸ್‌ಟೆನ್ಷನ್ ತೆಗೆದು ನೇರವಾಗಿ ಸಿಕ್ಕಿಸಿ. ಸಾವಿರಾರು ರೂಪಾಯಿಯ ಬೆಳ್ಳಿ ಕೇಬಲ್ ಬೇಡ, ಪ್ರಿಂಟರ್ ಜೊತೆ ಬಂದ ಗಟ್ಟಿ ಕೇಬಲ್ ನನ್ನ ಮನೆಯಲ್ಲಿ ವರ್ಷಗಳಿಂದ ದುಡಿಯುತ್ತಿದೆ.

ಆಮೇಲೆ ಪ್ಲೇಯರ್ ಅಥವಾ ಡ್ರೈವರ್‌ನ ಬಫರ್, ಎಂದರೆ ಹಾಡನ್ನು ಮುಂಚೆಯೇ ಕೂಡಿಟ್ಟುಕೊಳ್ಳುವ ಜಾಗ, ಹೆಚ್ಚಿಸಿ. ಬಫರ್ ಚಿಕ್ಕದಿರಬೇಕಾದ್ದು ರೆಕಾರ್ಡ್ ಮಾಡುವವರಿಗೆ. ಕೇಳುವವರಿಗೆ ಅರ್ಧ ಸೆಕೆಂಡ್ ತಡವಾದರೆ ಏನೂ ನಷ್ಟವಿಲ್ಲ. ವಿಂಡೋಸ್‌ನ ಪವರ್ ಪ್ಲಾನ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡಿ. ವೈಫೈ ಐದು ನಿಮಿಷ ಆರಿಸಿ ಕೇಳಿ. ಅದರಿಂದ ನಿಂತರೆ ವೈಫೈ ಡ್ರೈವರ್ ಹೊಸದು ಹಾಕಿ. ಲೇಟೆನ್ಸಿಮಾನ್ ಎಂಬ ಬಿಟ್ಟಿ ತಂತ್ರಾಂಶ ಯಾವ ಡ್ರೈವರ್ ಉಳಿದವರನ್ನು ಕಾಯಿಸುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ. ಕೊನೆಗೆ ಡ್ಯಾಕ್ ಅನ್ನು ಬೇರೆಯವರ ಕಂಪ್ಯೂಟರ್‌ಗೆ ಸಿಕ್ಕಿಸಿ. ಅಲ್ಲೂ ಚಿಟ್ ಎಂದರೆ ಮಾತ್ರ ಡ್ಯಾಕ್ ಮೇಲೆ ಅನುಮಾನ.

ಬ್ಲೂಟೂತ್‌ನಲ್ಲಿ ತುಂಡಾಗುತ್ತಿದ್ದರೆ ಪಕ್ಕದಲ್ಲಿ ಯುಎಸ್‌ಬಿ 3.0 ಪೆನ್‌ಡ್ರೈವ್ ಅಥವಾ ಡಿಸ್ಕ್ ಇದೆಯೇ ನೋಡಿ. ಅವು ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಸೂಸುತ್ತವೆ. ಆನ್‌ಲೈನ್ ಮೀಟಿಂಗ್ ಶುರುವಾದೊಡನೆ ಹಾಡು ಹಳೇ ಟೆಲಿಫೋನ್‌ನಲ್ಲಿ ಕೇಳಿದಂತಾದರೆ ಹೆಡ್‌ಸೆಟ್ ಮೈಕ್ ಆನ್ ಆಗಿ, ಸ್ಟೀರಿಯೊ ಬಿಟ್ಟು ಮಾತಿನ ಮೋಡ್‌ಗೆ ಇಳಿದಿದೆ. ಲ್ಯಾಪ್‌ಟಾಪ್‌ನದೇ ಮೈಕ್ ಆಯ್ದುಕೊಳ್ಳಿ.

ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಡ್ಯಾಕ್‌ನ ಒಳಗೆ ‘ಟಕ್’ ಎಂದರೆ ಅದು ರಿಲೇ ಎಂಬ ಸಣ್ಣ ಸ್ವಿಚ್. ಸ್ಯಾಂಪಲ್ ದರ ಬದಲಾದಾಗ ಹಾಗೆ ಆಗುತ್ತದೆ, ಹಾಡಲಿ ಬಿಡಿ.

ಶ್ರುತಿ ಏರಿದೆ

ಗಾಯಕರು ಅವಸರದಲ್ಲಿದ್ದಾರೆ, ಷಡ್ಜವೂ ಮೇಲಿದೆ. ಸಿಡಿಯ ದರ ಸೆಕೆಂಡಿಗೆ 44,100 ಸ್ಯಾಂಪಲ್, ವಿಡಿಯೊದಲ್ಲಿ ವಾಡಿಕೆಯಾಗಿರುವುದು 48,000. ಮೊದಲನೆಯದನ್ನು ಎರಡನೆಯ ವೇಗದಲ್ಲಿ ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ, 3 ನಿಮಿಷದ ಹಾಡು 2 ನಿಮಿಷ 45 ಸೆಕೆಂಡಿಗೇ ಮುಗಿಯುತ್ತದೆ. ತಂಬೂರಿ ಆ್ಯಪ್ ಹಚ್ಚಿ ಹೋಲಿಸಿ, ಗಡಿಯಾರ ಹಿಡಿದು ಅಳೆಯಿರಿ. ಎರಡೂ ಹೊಂದಿದರೆ ಡ್ರೈವರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ದರ, ಕ್ಲಾಕ್ ಸರಿಪಡಿಸಿ. ಮ್ಯಾಕ್‌ನಲ್ಲಾದರೆ ಆಡಿಯೊ ಮಿಡಿ ಸೆಟಪ್‌ನಲ್ಲಿ ನೋಡಿ. ಫೈಲ್ ತೋರಿಸುವ ಅವಧಿಗೂ ಗಡಿಯಾರಕ್ಕೂ ಹೊಂದಿ, ಶ್ರುತಿ ಮಾತ್ರ ಕಾಲು ಸ್ವರದಷ್ಟು ಅತ್ತಿತ್ತ ಆದರೆ, ಅದೂ ಹಳೆಯ ಕ್ಯಾಸೆಟ್‌ನಿಂದ ಇಳಿಸಿದ ಕಛೇರಿಯಾದರೆ, ಟೇಪ್‌ರೆಕಾರ್ಡರ್ ಓಡಿದ ವೇಗವೇ ಹಾಗಿತ್ತು.

ಹಾಡುಗಾರರು ಮಾಯ

ಹೆಡ್‌ಫೋನ್‌ನಲ್ಲಿ ಗಾಯಕರ ಧ್ವನಿ ಎಲ್ಲೋ ಬಾವಿಯೊಳಗಿಂದ ಬರುತ್ತದೆ, ಪಕ್ಕವಾದ್ಯ, ಸಭಾಂಗಣದ ಪ್ರತಿಧ್ವನಿ ಮಾತ್ರ ಚೆನ್ನಾಗಿ ಕೇಳುತ್ತದೆ. 3.5 ಎಂಎಂ ಪಿನ್ ಪೂರ್ತಿ ಒಳಗೆ ಹೋಗಿಲ್ಲ, ಅಥವಾ ಮೈಕ್ ಇರುವ ನಾಲ್ಕು ಭಾಗದ ಪಿನ್ ಹೊಂದುತ್ತಿಲ್ಲ. ಗ್ರೌಂಡ್ ತಪ್ಪಿದಾಗ ಎಡ ಬಲಗಳ ನಡುವಿನ ವ್ಯತ್ಯಾಸವಷ್ಟೇ ಕಿವಿಗೆ ಬೀಳುತ್ತದೆ. ನಡುವಿನಲ್ಲಿರುವ ಧ್ವನಿ ಎರಡರಲ್ಲೂ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ಮೋನೊ ಹಾಡು ಹಾಕಿ: ಹೆಚ್ಚುಕಡಿಮೆ ಮೌನವಾದರೆ ಕಾರಣ ಇದೇ.

ಸ್ಪೀಕರ್‌ನಲ್ಲಿ ಇದರ ತಮ್ಮನಂಥ ದೋಷವೊಂದಿದೆ. ಬೇಸ್ ಸಪ್ಪೆ, ಧ್ವನಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ತಲೆಯ ಸುತ್ತ ಸುತ್ತುತ್ತದೆ. ಒಂದು ಸ್ಪೀಕರ್‌ನ ಕೆಂಪು ಕಪ್ಪು ತಿರುವುಮುರುವಾಗಿದೆ. ತಂತಿಯ ಬಣ್ಣ ನಂಬುವಂತಿಲ್ಲದಿದ್ದರೆ ಆಂಪ್ ತುದಿಯಲ್ಲಿ ತಂತಿ ಬಿಚ್ಚಿ, 1.5 ವೋಲ್ಟ್ ಪೆನ್ಸಿಲ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಎರಡೂ ಸ್ಪೀಕರ್‌ನ ಶಂಕು ಒಂದೇ ದಿಕ್ಕಿಗೆ ಜಿಗಿಯಬೇಕು.

ಜೋರು ಮಾಡಿದರೆ ಒಡೆಯುತ್ತದೆ

ಈಕ್ವಲೈಜರ್‌ನಲ್ಲಿ ಬೇಸ್ 6 ಡೆಸಿಬಲ್ ಏರಿಸಿ, ವಾಲ್ಯೂಮ್ ನೂರಕ್ಕೆ ಇಟ್ಟಿದ್ದೀರೋ? ಡಿಜಿಟಲ್‌ನಲ್ಲಿ ಮೇಲ್ಮಿತಿ ಎಂದರೆ ಗೋಡೆ. ಅದಕ್ಕೆ ಬಡಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಏರಿಸಿದಷ್ಟನ್ನೇ ಪ್ರೀಆಂಪ್ ಎಂಬ ಗುಂಡಿಯಲ್ಲಿ ಇಳಿಸಿ. ಕೆಲವು ವಿಡಿಯೊ ಪ್ಲೇಯರ್‌ಗಳು ವಾಲ್ಯೂಮನ್ನು ನೂರು ದಾಟಿಸಲು ಬಿಡುತ್ತವೆ, ದಾಟಿಸಬೇಡಿ. ಲೌಡ್‌ನೆಸ್ ಈಕ್ವಲೈಸೇಶನ್, ಸ್ಪೇಷಿಯಲ್ ಸೌಂಡ್ ಎಂಬ ಅಲಂಕಾರಗಳನ್ನೂ ಆಫ್ ಮಾಡಿ. ಒಡೆದ ಸದ್ದು ಟ್ವೀಟರ್ ಅನ್ನು, ಎಂದರೆ ಮೇಲಿನ ಸ್ವರಗಳ ಚಿಕ್ಕ ಸ್ಪೀಕರನ್ನು, ಸುಡಬಹುದು, ಆದ್ದರಿಂದ ‘ಸ್ವಲ್ಪ ಹೊತ್ತು ಹಾಗೇ ಕೇಳೋಣ’ ಬೇಡ.

ಮೆತ್ತಗಿದ್ದಾಗಲೂ ಒಂದು ಸ್ವರಕ್ಕೆ ಮಾತ್ರ ‘ಝರ್ರ್’ ಎಂದರೆ ಮೊದಲು ಶೋಕೇಸ್ ಗಾಜು, ಗೋಡೆಯ ಫೋಟೊ, ಕಿಟಕಿ ಚಿಲಕ ಮುಟ್ಟಿ ನೋಡಿ. ಅವು ಸುಮ್ಮನಿದ್ದರೆ ಸ್ಪೀಕರ್ ಜಾಲರಿ ತೆಗೆದು ಶಂಕುವಿನ ಸುತ್ತಲಿನ ಅಂಚು ನೋಡಿ. ಹಳೆಯ ಸ್ಪೀಕರ್‌ಗಳ ಫೋಮ್ ಅಂಚು ನಮ್ಮ ಸೆಕೆಗೆ, ಮಳೆಗೆ ಪುಡಿಪುಡಿಯಾಗುತ್ತದೆ. ಅಂಚು ಮಾತ್ರ ಬದಲಿಸಿ ಅಂಟಿಸಿಕೊಡುವವರಿದ್ದಾರೆ, ಸ್ಪೀಕರ್ ಎಸೆಯಬೇಡಿ.

ಹೆಡ್‌ಫೋನ್‌ನಲ್ಲಿ ಒಡೆಯುವುದಕ್ಕಿಂತ ಸದ್ದು ಸಾಲದಿರುವ ದೂರು ಹೆಚ್ಚು. ಸೆನ್‌ಹೈಸರ್ ಎಚ್‌ಡಿ 600ನಂಥ 300 ಓಮ್ ಹೆಡ್‌ಫೋನ್‌ಗೆ ಲ್ಯಾಪ್‌ಟಾಪ್ ತೂತಿನ ವೋಲ್ಟೇಜ್ ಸಾಲುವುದಿಲ್ಲ. ಪೆಟ್ಟಿಗೆ ಕೊಳ್ಳಿ ಎಂದು ನಾನು ಒಪ್ಪುವ ಕೆಲವೇ ಸಂದರ್ಭಗಳಲ್ಲಿ ಇದೊಂದು: ಹೆಡ್‌ಫೋನ್ ಆಂಪ್ ಬೇಕು.

ಎಲ್ಲ ಸರಿ, ಆದರೂ ಮಂಕು

ಫೈಲ್ ಸದ್ದಿನಲ್ಲಿ ಏನನ್ನೂ ಬಿಡದೆ ಉಳಿಸುವ ಎಫ್‌ಎಲ್‌ಎಸಿ, ಗಾತ್ರವೂ ದೊಡ್ಡದು, ಭಜನೆಯ ತಾಳ ಮಾತ್ರ ನೀರಿನಲ್ಲಿ ಅದ್ದಿ ಬಡಿದಂತಿದೆ. ಯಾರೋ ಎಂಪಿ3ಯನ್ನೇ ಎಫ್‌ಎಲ್‌ಎಸಿ ಪೆಟ್ಟಿಗೆಗೆ ತುಂಬಿರಬಹುದು. ಸ್ಪೆಕ್ ಎಂಬ ಬಿಟ್ಟಿ ತಂತ್ರಾಂಶದಲ್ಲಿ ತೆರೆಯಿರಿ. 16 ಕಿಲೊಹರ್ಟ್ಸ್‌ನಲ್ಲಿ ಕತ್ತಿಯಿಂದ ಕೊಯ್ದಂತೆ ನಿಂತಿದ್ದರೆ ಅದು 128 ಕೆಬಿಪಿಎಸ್ ಎಂಪಿ3ಯ ಸಾಮಾನ್ಯ ಗುರುತು. ಕ್ಯಾಸೆಟ್ ಮೂಲದ್ದಾದರೆ ಮೇಲ್ಭಾಗ ಮೆಲ್ಲಗೆ ಕರಗುತ್ತ ಹೋಗಿರುತ್ತದೆ, ಅದು ಮೋಸವಲ್ಲ. ನಲವತ್ತು ದಾಟಿದ ನಮ್ಮಂಥವರ ಕಿವಿಗೆ ಆ ಮೇಲ್ಭಾಗ ಕೇಳುವುದೂ ಅನುಮಾನ, ಮನೆಯಲ್ಲಿ ಹುಡುಗರಿದ್ದರೆ ಅವರನ್ನು ಕೇಳಿ.

ಗುಮ್ಮೆನ್ನುವ ಕೋಣೆ

ಡಗ್ಗಾದ ಒಂದು ಪೆಟ್ಟು ಮಾತ್ರ ಕೋಣೆಯೆಲ್ಲ ತುಂಬಿ ನಿಲ್ಲುತ್ತದೆ, ಪಕ್ಕದ ಪೆಟ್ಟು ಕೇಳುವುದೇ ಇಲ್ಲ. ಹೆಡ್‌ಫೋನ್‌ನಲ್ಲಿ ಅದೇ ಹಾಡು ಸರಿಯಿದ್ದರೆ ದೋಷ ಗೋಡೆಗಳದ್ದು. 12 ಅಡಿ ಉದ್ದದ ಕೋಣೆ 47 ಹರ್ಟ್ಸ್ ಸುಮಾರಿಗೆ, 10 ಅಡಿ ಅಗಲ 56 ಹರ್ಟ್ಸ್ ಸುಮಾರಿಗೆ ತಾನೂ ದನಿಗೂಡಿಸುತ್ತದೆ. ಸೂರಿನ ಎತ್ತರವೂ 10 ಅಡಿಯಾದರೆ ಎರಡು ಒಂದೇ ಕಡೆ ಬಿದ್ದು ಇಮ್ಮಡಿ ಗುಮ್.

ಖರ್ಚಿಲ್ಲದ ಕೆಲಸ ಮೊದಲು. ನಿಮ್ಮ ಕುರ್ಚಿ ಹಿಂದಿನ ಗೋಡೆಗೆ ಒರಗಿದ್ದರೆ ಮುಂದೆ ಎಳೆಯಿರಿ. ಸ್ಪೀಕರ್‌ಗಳನ್ನು ಮೂಲೆಯಿಂದ, ಗೋಡೆಯಿಂದ ಒಂದೆರಡು ಅಡಿ ತನ್ನಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಭುಜ ತ್ರಿಕೋನವಾಗಲಿ. ಅರ್ಧ ಅಡಿ ಸರಿಸಿದಾಗ ಆಗುವ ಬದಲಾವಣೆ ಡ್ಯಾಕ್ ಬದಲಿಸಿದಾಗ ಆಗುವುದಕ್ಕಿಂತ ಎಷ್ಟೋ ದೊಡ್ಡದು.

ಚಪ್ಪಾಳೆ ತಟ್ಟಿದರೆ ‘ಝಣಝಣ’ ಎಂದು ಬಾಲ ಬಂದರೆ ಟೈಲ್ಸ್ ನೆಲ, ಬರಿಗೋಡೆ ಕಾರಣ. ದಪ್ಪ ಪರದೆ, ಪುಸ್ತಕದ ಕಪಾಟು ಇದನ್ನು ತಗ್ಗಿಸುತ್ತವೆ, ನೆಲಕ್ಕೆ ಹಾಸಿದ ನವಲಗುಂದದ ಜಮಖಾನವೂ ಒಂದಿಷ್ಟು. ಆದರೆ ಜಮಖಾನ ಗುಮ್ಮನ್ನು ಹೀರುತ್ತದೆ ಎಂದು ನಂಬಿ ಎರಡು ಮೂರು ಹಾಸಬೇಡಿ. ಅಷ್ಟು ಆಳದ ಸದ್ದಿಗೆ ಹತ್ತಿಯ ತೆಳು ಹಾಸು ಇದ್ದೂ ಇಲ್ಲದ ಹಾಗೆ, ದಪ್ಪ ಹತ್ತಿ ಹಾಸಿಗೆ ಮೂಲೆಗೆ ನಿಲ್ಲಿಸಿದರೆ ಸ್ವಲ್ಪ ವಾಸಿ. ಇನ್ನೂ ಬೇಕಾದರೆ ಅಳತೆಯ ಮೈಕ್ ಒಂದು ಕೊಂಡು, ಬಿಟ್ಟಿಯಾಗಿ ಸಿಗುವ ರೂಮ್ ಇಕ್ಯೂ ವಿಜರ್ಡ್‌ನಲ್ಲಿ ಅಳೆದು, ಉಬ್ಬಿದ್ದನ್ನು ಈಕ್ವಲೈಜರ್‌ನಲ್ಲಿ ಇಳಿಸಿ. ತಗ್ಗಿದ್ದನ್ನು ಏರಿಸಲು ಹೋಗಬೇಡಿ, ಆಂಪ್ ಬೆವರುತ್ತದೆಯೇ ಹೊರತು ಹಳ್ಳ ತುಂಬುವುದಿಲ್ಲ.

ರಿಪೇರಿಗೆ ಒಯ್ಯುವಾಗ

ಯಾವ ಪರೀಕ್ಷೆ ಮಾಡಿದಿರಿ, ಏನಾಯಿತು ಎಂದು ಚೀಟಿಯಲ್ಲಿ ಬರೆದು ಕೊಡಿ. ‘ಆರ್‌ಸಿಎ ಕಿತ್ತ ಮೇಲೂ ಗುಂಯ್, ವಾಲ್ಯೂಮ್ ಜೊತೆ ಬದಲಾಗುವುದಿಲ್ಲ, ಎರಡೂ ಕಡೆ’ ಎಂಬ ಒಂದು ಸಾಲು ಅವರ ಅರ್ಧ ದಿನ ಉಳಿಸುತ್ತದೆ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟಬೇಡಿ. ಬಹಳ ದಿನ ಬಳಸದೆ ಇಟ್ಟ ಆಂಪ್ ಆದರೆ ಗಾಳಿಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಒಳಗೆ ಹಲ್ಲಿಯೋ ಇರುವೆಯೋ ಮನೆ ಮಾಡಿದ್ದರೆ ಪ್ಲಗ್ ಹಾಕದೆ ಹಾಗೇ ಒಯ್ಯಿರಿ.

ಕೇಬಲ್‌ಗಳನ್ನೂ ಜೊತೆಗೇ ಒಯ್ಯಿರಿ. ನಾನೊಮ್ಮೆ ಆಂಪ್ ಮಾತ್ರ ಹೊತ್ತುಕೊಂಡು ಹೋಗಿದ್ದೆ. ಎರಡು ದಿನ ಇಟ್ಟುಕೊಂಡ ಅಂಗಡಿಯವರು, ‘ಸಾರ್, ಇದು ಚೆನ್ನಾಗೇ ಹಾಡ್ತಿದೆ, ದುಡ್ಡು ಬೇಡ’ ಎಂದು ವಾಪಸ್ ಕೊಟ್ಟರು. ಮನೆಗೆ ತಂದು ಸಿಕ್ಕಿಸಿದರೆ ಮತ್ತೆ ಎಡಗಡೆ ಸದ್ದಿಲ್ಲ. ಹಾಳಾಗಿದ್ದ ಆರ್‌ಸಿಎ ಕೇಬಲ್ ಆ ಎರಡು ದಿನವೂ ಟೇಬಲ್ ಹಿಂದೆಯೇ ನೇತಾಡುತ್ತಿತ್ತು.